ಡಾ. ಬರೂಕ್ ಬ್ಲಂಬರ್ಗ್: ಪಿತ್ತಜನಕಾಂಗದ ಕ್ಯಾನ್ಸರ್ ತಡೆಗೆ ದಾರಿ ತೋರಿದ ವಿಜ್ಞಾನಿ

ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯ ಶಿಶುವಾಗಲಿ, ರಾಜಧಾನಿಯ ಶಿಶುವಾಗಲಿ, ಜನನವಾದ 24 ಗಂಟೆಗಳೊಳಗೆ ಪಡೆಯಬೇಕಾದ ಲಸಿಕೆಗಳಲ್ಲಿ ಹೆಪಟೈಟಿಸ್-ಬಿ ಲಸಿಕೆಯೂ ಒಂದು. ಪಿತ್ತಜನಕಾಂಗದ ಕ್ಯಾನ್ಸರ್ ಬಾರದಂತೆ ರಕ್ಷಣೆ ನೀಡುವ ಈ ಲಸಿಕೆಗೆ ಮೂಲವಾದುದು ಡಾ. ಬರೂಕ್ ಬ್ಲಂಬರ್ಗ್ ಅವರ ಸಂಶೋಧನೆ.

1925ರ ಜುಲೈ 28ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದ ಇವರು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯಪದವಿಯನ್ನೂ ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಒಂದೇ ರೋಗವು ಕೆಲವರನ್ನು ಬಾಧಿಸಿ ಮತ್ತೆ ಕೆಲವರನ್ನು ಬಾಧಿಸದಿರಲು ಕಾರಣವೇನೆಂದು ಅರಿಯಲು ನಾನಾ ದೇಶಗಳ ಜನರ ರಕ್ತದ ಮಾದರಿಗಳನ್ನು ಅಧ್ಯಯನ ಮಾಡಿದರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡುಬಂದ ಅಪರಿಚಿತ ಪ್ರೋಟೀನ್ ಕುರಿತು 1965ರಲ್ಲಿ ವರದಿ ಪ್ರಕಟಿಸಿದರು. ಅದು ಹೆಪಟೈಟಿಸ್-ಬಿ ವೈರಾಣುವಿನ ಹೊರಕವಚದ ಅಂಶವೆಂಬುದು ಮುಂದೆ ಖಚಿತವಾಯಿತು. ಇದರಿಂದ ರಕ್ತದಾನಿಗಳ ರಕ್ತವನ್ನು ಪರೀಕ್ಷಿಸುವುದು ಸಾಧ್ಯವಾಯಿತು. 1969ರಲ್ಲಿ ಸಹೋದ್ಯೋಗಿ ಇರ್ವಿಂಗ್ ಮಿಲ್ಮನ್ ಅವರೊಡನೆ ಲಸಿಕೆ ತಯಾರಿಕೆಯ ವಿಧಾನವನ್ನು ರೂಪಿಸಿದರು. 1976ರಲ್ಲಿ ಇವರು ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ಬ್ಲಂಬರ್ಗ್ ಮತ್ತು ಸಂಗಡಿಗರು ಸೆನೆಗಲ್ ದೇಶದಲ್ಲಿ ನಡೆಸಿದ ಅಧ್ಯಯನದಲ್ಲಿ, ಪಿತ್ತಜನಕಾಂಗದ ಕ್ಯಾನ್ಸರ್ ರೋಗಿಗಳ ತಾಯಂದಿರಲ್ಲಿ ಈ ವೈರಾಣು ಹೆಚ್ಚಾಗಿ ಕಂಡುಬಂದಿತು. ತೈವಾನ್‌ನಲ್ಲಿ 22,707 ಪುರುಷರನ್ನು ಕುರಿತು ಪಾಮರ್ ಬೀಸ್ಲಿ ನಡೆಸಿದ ಅಧ್ಯಯನವು, ವೈರಾಣು ಹೊಂದಿದವರಿಗೆ ಈ ಕ್ಯಾನ್ಸರ್ ಬರುವ ಸಂಭವ 200 ಪಟ್ಟಿಗೂ ಅಧಿಕವೆಂದು 1981ರಲ್ಲಿ ತೋರಿಸಿತು. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು ಶೇ. 90ರಷ್ಟು ಮಂದಿಗೆ ಅದು ದೀರ್ಘಕಾಲ ಉಳಿಯುತ್ತದೆ. ಯಾವ ಲಕ್ಷಣವನ್ನೂ ತೋರದೆ ಹಲವು ದಶಕಗಳ ಬಳಿಕ ಕ್ಯಾನ್ಸರ್ ಆಗಿ ಪರಿಣಮಿಸಬಹುದು.

1986ರ ಆರಂಭದಲ್ಲಿ ಬ್ಲಂಬರ್ಗ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಕಾಮಾಲೆಗೆ ನಮ್ಮ ಜನರು ಬಳಸುವ ನೆಲನೆಲ್ಲಿಯನ್ನು ಕುರಿತು ಮದರಾಸಿನ ವಿಜ್ಞಾನಿಗಳೊಡನೆ ಸಂಶೋಧನೆಯನ್ನೂ ಕೈಗೊಂಡರು. ಆದರೆ ನಂತರದ ಪರೀಕ್ಷೆಗಳಲ್ಲಿ ಅದರ ಪರಿಣಾಮ ದೃಢಪಟ್ಟಿಲ್ಲವಾದ್ದರಿಂದ, ಅದನ್ನು ನಂಬಿ ವೈದ್ಯರ ಚಿಕಿತ್ಸೆಯನ್ನು ನಿಲ್ಲಿಸುವುದು ಸರಿಯಲ್ಲ.

ಇವರು 2011ರ ಏಪ್ರಿಲ್ 5ರಂದು ನಿಧನರಾದರು. ಇವರ ಜನ್ಮದಿನವಾದ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವನ್ನಾಗಿ ಆಚರಿಸಲಾಗುತ್ತಿದೆ. 2018ರ ಅದೇ ದಿನ ಭಾರತದಲ್ಲಿ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು ಆರಂಭಗೊಂಡಿತು.

ಈ ಕಾರ್ಯಕ್ರಮದಡಿ ಹೆಪಟೈಟಿಸ್-ಬಿ ಹಾಗೂ ಸಿ ಸೋಂಕುಗಳಿಗೆ ಪರೀಕ್ಷೆ ಮತ್ತು ಔಷಧಿ ಉಚಿತವಾಗಿದೆ. ಹೆಪಟೈಟಿಸ್-ಸಿ ಕೂಡ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಅದಕ್ಕೆ ಲಸಿಕೆಯಿಲ್ಲ, ಆದರೆ ಔಷಧಿಯಿಂದ ಗುಣಪಡಿಸಬಹುದು. ಗರ್ಭಿಣಿಯರು ತಪ್ಪದೆ ರಕ್ತಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಶಿಶುವಿಗೆ ಜನನದ ಲಸಿಕೆಯ ನಂತರ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯನ್ನು ಹಾಕಿಸಬೇಕು. ಸಾರ್ವಜನಿಕರು ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಅಥವಾ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಿ ಈ ಸೌಲಭ್ಯಗಳ ಪ್ರಯೋಜನ ಪಡೆಯಲು ಕೋರಲಾಗಿದೆ.