ಮಾಸ್ತರರೊಬ್ಬರು ಕಾದಂಬರಿಕಾರರಾದದ್ದು

ಕಥೆ, ಕಾದಂಬರಿ ಬರೆಯಬಯಸುವ ನಮ್ಮ ಶಾಲೆಯ ಮಕ್ಕಳು ಗಳಗನಾಥರ ಬದುಕನ್ನು ತಿಳಿದಿರಬೇಕು. ವೆಂಕಟೇಶ ತಿರಕೋ ಕುಲಕರ್ಣಿಯವರು 1869ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ಹುಟ್ಟಿದರು. ಊರಿನ ಹೆಸರೇ ಕಾವ್ಯನಾಮವಾಯಿತು. ವೃತ್ತಿ ಶಾಲಾ ಮಾಸ್ತರಿಕೆ. ಆಗ ಆ ಭಾಗದಲ್ಲಿ ಮರಾಠಿಯದೇ ಮೇಲುಗೈ. ಕನ್ನಡ ಕಾದಂಬರಿಗಳೂ ಕಡಿಮೆ, ಓದುಗರೂ ಕಡಿಮೆ. ಅವರು ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ವಿಜಯನಗರದ ಕಥೆಯನ್ನು ‘ಮಾಧವ ಕರುಣಾವಿಲಾಸ’ವಾಗಿ ಬರೆದರು, ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನಡೆಸಿದರು. ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದರು. ಹಣ ಕೂಡಲಿಲ್ಲ, ಓದುಗರು ಕೂಡಿದರು. 1942ರಲ್ಲಿ ತೀರಿಕೊಂಡರು. ಬರೆಯಹೊರಟವರಿಗೆ ಅವರ ಬದುಕೇ ಪಾಠ: ಒಳ್ಳೆಯದನ್ನು ಓದಿ, ಅನುವಾದಿಸಿ ಕೈ ಪಳಗಿಸಿಕೊಳ್ಳಿ, ಊರಿನವರಿಗೆ ತಿಳಿಯುವಂತೆ ಬರೆಯಿರಿ, ಬರೆದದ್ದನ್ನು ಓದುಗರ ಕೈಗೆ ನೀವೇ ಮುಟ್ಟಿಸಿ.