ನಲ್ಲಿ ನೀರು ಕಲಿಸಿದ ಪಾಠ

ಆಸ್ಪತ್ರೆಯ ಹಾಸಿಗೆಯ ಪಕ್ಕ ತೂಗುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯನ್ನು ಕಾಣದವರು ವಿರಳ. ಆ ಹೆಸರಿನ ಹಿಂದೆ ಒಬ್ಬ ವೈದ್ಯನ ಬದುಕಿದೆ ಎಂಬುದು ಮಾತ್ರ ಹಲವರಿಗೆ ತಿಳಿಯದು.

ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಹುಟ್ಟಿದ ಸಿಡ್ನಿ ರಿಂಗರ್, 1854ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಸೇರಿದರು. ಮುಂದೆ ಅದರ ಆಸ್ಪತ್ರೆಯೇ ಅವರ ಕರ್ಮಭೂಮಿಯಾಯಿತು. 1869ರಲ್ಲಿ ಪ್ರಕಟವಾದ ಅವರ ಚಿಕಿತ್ಸಾಶಾಸ್ತ್ರದ ಕೈಪಿಡಿ ಹಲವು ಮುದ್ರಣಗಳನ್ನು ಕಂಡಿತು. ಮನೆಯಲ್ಲಿ ಮಾತ್ರ ದುಃಖವಿತ್ತು. ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಮಗಳ ನೆನಪಿಗಾಗಿ ಅವರು ಯಾರ್ಕ್‌ಷೈರ್‌ನ ಲಾಸ್ಟಿಂಗ್‌ಹ್ಯಾಮ್ ಗ್ರಾಮದ ಪುರಾತನ ಚರ್ಚನ್ನು ಜೀರ್ಣೋದ್ಧಾರ ಮಾಡಿಸಿದರು.

ರೋಗಿಗಳ ಆರೈಕೆಯ ನಡುವೆ ಉಳಿದ ಸಮಯವೆಲ್ಲ ಪ್ರಯೋಗಶಾಲೆಗೆ ಮೀಸಲು. ದೇಹದಿಂದ ಬೇರ್ಪಡಿಸಿದ ಕಪ್ಪೆಯ ಹೃದಯ ಉಪ್ಪುನೀರಿನಲ್ಲಿ ಬಹುಕಾಲ ಮಿಡಿಯುವುದನ್ನು ಕಂಡು 1882ರಲ್ಲಿ ಪ್ರಬಂಧ ಪ್ರಕಟಿಸಿದರು. ಆಮೇಲೆ ಒಂದು ಸಂಗತಿ ಬಯಲಾಯಿತು. ಆ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರಿನಲ್ಲಿ ತಯಾರಿಸಲಾಗಿತ್ತು! ಶುದ್ಧ ನೀರು ಬಳಸಿದಾಗ ಹೃದಯ ಸ್ವಲ್ಪ ಹೊತ್ತಿನಲ್ಲೇ ನಿಂತುಹೋಯಿತು. ಸುಣ್ಣದ ಲವಣ, ಅಂದರೆ ಕ್ಯಾಲ್ಸಿಯಂ ಬೆರೆಸಿದಾಗ ಮತ್ತೆ ಮಿಡಿಯಿತು. ರಿಂಗರ್ ತಮ್ಮ ಲೋಪವನ್ನು ಮುಚ್ಚಿಡಲಿಲ್ಲ. 1883ರಲ್ಲಿ ಮತ್ತೊಂದು ಪ್ರಬಂಧ ಬರೆದು, ಹಿಂದಿನ ತೀರ್ಮಾನವನ್ನು ತಾವೇ ತಿದ್ದಿದರು.

ಈ ಪ್ರಾಮಾಣಿಕತೆಯ ಫಲ ಹೃದಯಕ್ಕಷ್ಟೇ ಸೀಮಿತವಾಗಲಿಲ್ಲ. ಕ್ಯಾಲ್ಸಿಯಂ ಇಲ್ಲದಿದ್ದರೆ ನರದ ಸಂದೇಶ ಸ್ನಾಯುವನ್ನು ತಲುಪದು ಎಂದು 1894ರಲ್ಲಿ ಲಾಕ್ ತೋರಿಸಿದರು. ನರಕೋಶದ ಹೊರಗೆ ಒಳಗಿಗಿಂತ ಸುಮಾರು 10,000 ಪಟ್ಟು ಹೆಚ್ಚು ಕ್ಯಾಲ್ಸಿಯಂ ಇರುತ್ತದೆಂದು ಇಂದು ನಾವು ಬಲ್ಲೆವು. ವಿದ್ಯುತ್ ಸಂದೇಶ ನರದ ತುದಿಗೆ ಬಂದೊಡನೆ ಕೋಶಪೊರೆಯ ಕ್ಯಾಲ್ಸಿಯಂ ದ್ವಾರಗಳು ತೆರೆದುಕೊಳ್ಳುತ್ತವೆ. ಒಳನುಗ್ಗಿದ ಕ್ಯಾಲ್ಸಿಯಂ ನರವಾಹಕ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ. ಆದರೆ ಅದು ಮಿತಿಮೀರಿದರೆ ಕೋಶವೇ ಸಾಯುತ್ತದೆ. ಹಾಗಾಗದಂತೆ ಕಾಯುವ ವ್ಯವಸ್ಥೆಗಳಲ್ಲಿ ಕ್ಯಾಲ್ಮೊಡ್ಯುಲಿನ್ ಎಂಬ ಪುಟ್ಟ ಪ್ರೋಟೀನ್ ಮುಖ್ಯವಾದುದು. ದ್ವಾರಕ್ಕೆ ಅಂಟಿಕೊಂಡೇ ಇರುವ ಅದು, ಒಳಬಂದ ಕ್ಯಾಲ್ಸಿಯಮನ್ನು ಹಿಡಿದೊಡನೆ ದ್ವಾರ ಮುಚ್ಚಿಕೊಳ್ಳುವಂತೆ ಮಾಡುತ್ತದೆ. ಇದು ಸ್ಪಷ್ಟವಾದದ್ದು 1999ರಲ್ಲಿ. ಹೃದಯದ ಕೋಶಗಳಲ್ಲೂ ಇದೇ ಕಾವಲುಗಾರನಿದ್ದಾನೆ. ಕ್ಯಾಲ್ಮೊಡ್ಯುಲಿನ್ ವಂಶವಾಹಿಯ ದೋಷ ಎಳೆಯರ ಹೃದಯಬಡಿತವನ್ನು ಮಾರಕವಾಗಿ ಏರುಪೇರಾಗಿಸಬಲ್ಲದು ಎಂಬುದು 2012ರಲ್ಲಿ ತಿಳಿದುಬಂತು.

1900ರಲ್ಲಿ ನಿವೃತ್ತರಾದ ರಿಂಗರ್ 1910ರಲ್ಲಿ ಲಾಸ್ಟಿಂಗ್‌ಹ್ಯಾಮ್‌ನಲ್ಲೇ ಕೊನೆಯುಸಿರೆಳೆದರು. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಹಾರ್ಟ್‌ಮನ್ ಅವರ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿಸಿದರು.

ಪ್ರಕಟವಾದ ಫಲಿತಾಂಶವನ್ನು ತಿದ್ದುವುದು ಪ್ರತಿಷ್ಠೆಗೆ ಕುಂದು ಎಂದು ಬಗೆಯುವ ಸಂಶೋಧಕರು ಇಂದಿಗೂ ಇದ್ದಾರೆ. ರಿಂಗರ್ ಹಾಗೆ ಬಗೆದಿದ್ದರೆ ನಲ್ಲಿ ನೀರಿನ ಆ ಗುಟ್ಟು ಇನ್ನೆಷ್ಟು ಕಾಲ ಗುಟ್ಟಾಗಿಯೇ ಉಳಿಯುತ್ತಿತ್ತೋ.