ಜಾನ್ ಗ್ರಿಯರ್ಸನ್

ಜಾನ್ ಗ್ರಿಯರ್ಸನ್ (೨೬ ಏಪ್ರಿಲ್ ೧೮೯೮ – ೧೯ ಫೆಬ್ರವರಿ ೧೯೭೨) ಸ್ಕಾಟ್ಲೆಂಡಿನ ಚಲನಚಿತ್ರ ನಿರ್ಮಾಪಕರು. ಬ್ರಿಟಿಷ್ ಸಾಕ್ಷ್ಯಚಿತ್ರ ಚಳವಳಿಯ ಪ್ರವರ್ತಕರಾದ ಇವರು, ಸರ್ಕಾರ ಹಾಗೂ ಉದ್ಯಮಗಳ ಹಣದಿಂದಲೇ ದುಡಿಯುವ ಜನರ ಬದುಕನ್ನು ತೆರೆಯ ಮೇಲೆ ತಂದರು.

ಜನನ ಮತ್ತು ಶಿಕ್ಷಣ

ಗ್ರಿಯರ್ಸನ್ ಸ್ಟರ್ಲಿಂಗ್ ಸಮೀಪದ ಡೀನ್‌ಸ್ಟನ್ ಗ್ರಾಮದಲ್ಲಿ ಜನಿಸಿದರು. ತಂದೆ ಶಾಲಾ ಉಪಾಧ್ಯಾಯರು. ಮೊದಲ ಮಹಾಯುದ್ಧದಲ್ಲಿ ನೌಕಾಪಡೆಯ ಸೇವೆ ಸಲ್ಲಿಸಿದ ಬಳಿಕ ೧೯೨೩ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪದವಿ ಪಡೆದರು. ಮರುವರ್ಷ ಅಮೆರಿಕಕ್ಕೆ ತೆರಳಿ, ಪತ್ರಿಕೆ ಮತ್ತು ಚಲನಚಿತ್ರಗಳು ಜನಾಭಿಪ್ರಾಯವನ್ನು ರೂಪಿಸುವ ಬಗೆಯನ್ನು ಅಭ್ಯಸಿಸಿದರು. ಪ್ರಜಾಪ್ರಭುತ್ವದಲ್ಲಿ ನಾಗರಿಕರನ್ನು ಸಿದ್ಧಗೊಳಿಸಲು ಶಾಲೆಯೊಂದೇ ಸಾಲದು, ಚಲನಚಿತ್ರವೂ ಶಿಕ್ಷಣದ ಸಾಧನವಾಗಬೇಕು ಎಂಬುದು ಅವರ ದೃಢನಂಬಿಕೆಯಾಯಿತು.

ಬ್ರಿಟನ್ನಿನಲ್ಲಿ ಕಾರ್ಯ

೧೯೨೭ರಲ್ಲಿ ಸ್ವದೇಶಕ್ಕೆ ಮರಳಿ, ಸಾಮ್ರಾಜ್ಯದ ಸರಕುಗಳ ಪ್ರಚಾರಕ್ಕಾಗಿ ಸರ್ಕಾರ ಸ್ಥಾಪಿಸಿದ್ದ ಎಂಪೈರ್ ಮಾರ್ಕೆಟಿಂಗ್ ಬೋರ್ಡನ್ನು ಸೇರಿದರು. ಅದಕ್ಕಾಗಿ ನಿರ್ದೇಶಿಸಿದ 'ಡ್ರಿಫ್ಟರ್ಸ್' (೧೯೨೯) ಉತ್ತರ ಸಮುದ್ರದ ಹೆರಿಂಗ್ ಮೀನುಗಾರರ ದುಡಿಮೆಯನ್ನು ಚಿತ್ರಿಸಿತು. ೧೯೩೩ರಲ್ಲಿ ಮಂಡಳಿ ಮುಚ್ಚಿದಾಗ ಅವರ ತಂಡ ಅಂಚೆ ಇಲಾಖೆಗೆ ವರ್ಗವಾಯಿತು. ಓಡುವ ರೈಲಿನಲ್ಲೇ ಪತ್ರಗಳನ್ನು ವಿಂಗಡಿಸುವ ನೌಕರರನ್ನು ಕುರಿತ 'ನೈಟ್ ಮೇಲ್' (೧೯೩೬) ಇಲ್ಲಿ ಸಿದ್ಧವಾಯಿತು. ಇದಕ್ಕೆ ಕವಿ ಡಬ್ಲ್ಯು. ಎಚ್. ಆಡೆನ್ ಪದ್ಯವನ್ನೂ ಬೆಂಜಮಿನ್ ಬ್ರಿಟನ್ ಸಂಗೀತವನ್ನೂ ಒದಗಿಸಿದರು.

ಉದ್ಯಮಗಳೊಂದಿಗಿನ ಸಂಬಂಧ

ಹಣ ಕೊಟ್ಟವರ ಸರಕನ್ನು ಹೊಗಳುವುದಷ್ಟೇ ಚಿತ್ರದ ಕೆಲಸವೆಂದು ಗ್ರಿಯರ್ಸನ್ ಭಾವಿಸಲಿಲ್ಲ. ಸಿಲೋನಿನ ಚಹಾ ಪ್ರಚಾರಕ್ಕಾಗಿ ಅವರು ನಿರ್ಮಿಸಿ, ಬೇಸಿಲ್ ರೈಟ್ ನಿರ್ದೇಶಿಸಿದ 'ಸಾಂಗ್ ಆಫ್ ಸಿಲೋನ್' (೧೯೩೪) ಚಹಾಕ್ಕಿಂತ ಮಿಗಿಲಾಗಿ ಅಲ್ಲಿನ ಜನರ ಬದುಕು ಹಾಗೂ ಬೌದ್ಧಾಚರಣೆಗಳನ್ನು ತೋರಿಸಿತು. ಅನಿಲ ಉದ್ಯಮದ ಹಣದಿಂದ ಅವರ ಸಹವರ್ತಿಗಳು ತಯಾರಿಸಿದ 'ಹೌಸಿಂಗ್ ಪ್ರಾಬ್ಲಮ್ಸ್' (೧೯೩೫) ಚಿತ್ರದಲ್ಲಿ ಲಂಡನ್ನಿನ ಕೊಳೆಗೇರಿಯ ನಿವಾಸಿಗಳು ಕ್ಯಾಮೆರಾದ ಮುಂದೆ ತಾವೇ ತಮ್ಮ ಕಷ್ಟಗಳನ್ನು ಹೇಳಿಕೊಂಡರು. ಆದರೆ ಹೊಸ ಮನೆಗಳಿಗೆ ಅನಿಲ ಬೇಕಾಗುತ್ತದೆ ಎಂಬ ಲಾಭದ ಲೆಕ್ಕಾಚಾರವೂ ಇದರ ಹಿಂದಿತ್ತು. ಇಂತಹ ಚಿತ್ರಗಳು ಬಡತನವನ್ನು ತೋರಿಸಿದವೇ ಹೊರತು ಅದರ ಮೂಲಕಾರಣಗಳನ್ನು ಪ್ರಶ್ನಿಸಲಿಲ್ಲ ಎಂಬ ಆಕ್ಷೇಪವನ್ನು ನಂತರದ ವಿಮರ್ಶಕರು ಎತ್ತಿದ್ದಾರೆ.

ಕೆನಡಾ ಮತ್ತು ಕೊನೆಯ ವರ್ಷಗಳು

೧೯೩೯ರಲ್ಲಿ ಗ್ರಿಯರ್ಸನ್ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಪ್ರಥಮ ಆಯುಕ್ತರಾಗಿ ನೇಮಕಗೊಂಡರು. ಯುದ್ಧಕಾಲದಲ್ಲಿ ಮಂಡಳಿಯ ಚಿತ್ರಗಳು ಸಂಚಾರಿ ಪ್ರದರ್ಶಕರ ಮೂಲಕ ಹಳ್ಳಿಗಳನ್ನೂ ಕಾರ್ಖಾನೆಗಳನ್ನೂ ತಲುಪಿದವು. ೧೯೪೫ರಲ್ಲಿ ಅವರು ಹುದ್ದೆಯನ್ನು ತೊರೆದರು. ಅದೇ ಕಾಲದ ಸೋವಿಯತ್ ಗೂಢಚರ್ಯೆ ಪ್ರಕರಣದಲ್ಲಿ ಅವರ ಮಾಜಿ ಕಾರ್ಯದರ್ಶಿಯೊಬ್ಬರ ಹೆಸರು ಕೇಳಿಬಂದುದರಿಂದ ಅವರೂ ಸಂಶಯಕ್ಕೆ ಗುರಿಯಾದರು. ಅಮೆರಿಕದ ವೀಸಾ ದೊರೆಯದೆ ಅಲ್ಲಿನ ಯೋಜನೆಗಳು ಕೈತಪ್ಪಿದವು. ಮುಂದೆ ಯುನೆಸ್ಕೋದಲ್ಲಿಯೂ ಸ್ಕಾಟಿಷ್ ದೂರದರ್ಶನದಲ್ಲಿಯೂ ದುಡಿದರು. ಕ್ಲೈಡ್ ನದಿಯ ಹಡಗು ನಿರ್ಮಾಣವನ್ನು ಕುರಿತು ಅವರು ರೂಪುರೇಷೆ ಬರೆದುಕೊಟ್ಟ 'ಸೀವರ್ಡ್ಸ್ ದ ಗ್ರೇಟ್ ಶಿಪ್ಸ್' ಆಸ್ಕರ್ ಪ್ರಶಸ್ತಿ ಗಳಿಸಿತು. ೧೯೭೨ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ನಿಧನರಾದರು.